ಮೆಮೊಗಿಂತ ಮುಂಚೆ ಬಂದ ಉತ್ತರ

ಆ ಬಸ್ ಡಿಪೊದಲ್ಲಿ ಡ್ರೈವರುಗಳನ್ನು ಬೈಯುತ್ತಿದ್ದವಳೂ ಅವಳೇ, ಬೈಸಿಕೊಂಡವರ ಪರವಾಗಿ ಉತ್ತರ ಕೊಡುತ್ತಿದ್ದವಳೂ ಅವಳೇ. ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಆಫೀಸಿನಲ್ಲಿ ಕೂತು ಮ್ಯಾನೇಜರ್ ಹೇಳಿದ ಮೆಮೊ ಟೈಪ್ ಮಾಡುವುದು. ಒಂದರಿಂದ ಎರಡರವರೆಗೆ ಕ್ಯಾಂಟೀನಿನ ಮೂಲೆ ಮೇಜಿನಲ್ಲಿ ಊಟದ ಡಬ್ಬಿ ಪಕ್ಕಕ್ಕೆ ಸರಿಸಿ, ಅದೇ ಮೆಮೊ ಕೈಯಲ್ಲಿ ಹಿಡಿದು ಮುಖ ಸಪ್ಪಗೆ ಮಾಡಿಕೊಂಡು ಬಂದವನಿಗೆ ಉತ್ತರ ಬರೆದುಕೊಡುವುದು. ಮೂವತ್ತು ವರ್ಷ ಹೀಗೇ ನಡೆಯಿತು. ಕೇಳಿದವರಿಗೆ ನಗು ಬರಬಹುದು. ಅವಳಿಗೆ ಮಾತ್ರ ಇದರಲ್ಲಿ ತಮಾಷೆ ಏನೂ ಕಾಣುತ್ತಿರಲಿಲ್ಲ. "ಸಿಕ್ಕು ಹಾಕೋಳೂ ನಾನೇ, ಬಿಡಿಸೋಳೂ ನಾನೇ. ಬೇರೆಯವ್ರಿಗೆ ಯಾಕ್ರೀ ತಲೆನೋವು?" ಎನ್ನುತ್ತಿದ್ದಳು.

ಅವಳ ನಿಜವಾದ ಹೆಸರು ಇದ್ದದ್ದು ಸಂಬಳದ ಪಟ್ಟಿಯಲ್ಲಿ ಮಾತ್ರ. ಡಿಪೊಗೆಲ್ಲ ಅವಳು ಟೈಪಕ್ಕ. ಅವಳಿಗಿಂತ ಹತ್ತು ವರ್ಷ ದೊಡ್ಡವರಾದ ಮೆಕ್ಯಾನಿಕ್‌ಗಳೂ ಹಾಗೇ ಕರೆಯುತ್ತಿದ್ದರು, ನಿನ್ನೆ ಮೊನ್ನೆ ಸೇರಿದ ಡ್ರೈವರುಗಳೂ ಹಾಗೇ ಕರೆಯುತ್ತಿದ್ದರು. ಒಬ್ಬರು ಮಾತ್ರ ಕರೆಯುತ್ತಿರಲಿಲ್ಲ. ಅವರು ಅವಳ ಭಾವ. ಸ್ವಂತ ಅಕ್ಕನ ಗಂಡ, ಹನ್ನೊಂದನೇ ನಂಬರ್ ಬಸ್ಸಿನ ಡ್ರೈವರ್. ಅವರಿಗೆ ಅವಳು ಪುಟ್ಟಿ. ತಲೆ ಅರ್ಧ ನರೆತ ಮೇಲೂ, ಐವತ್ತು ಜನರ ಎದುರಿಗೂ, ಅಂಗಳದಲ್ಲಿ ನಿಂತು "ಪುಟ್ಟೀ, ಊಟ ಆಯ್ತೇನೇ?" ಎಂದು ಮಹಡಿಯ ಕಿಟಕಿಗೆ ಕೇಳುವ ಹಾಗೆ ಕೂಗುತ್ತಿದ್ದರು. ಅವಳು ಕಿಟಕಿಗೆ ಬಂದು ಕಣ್ಣು ದೊಡ್ಡದು ಮಾಡಿ ಗದರುತ್ತಿದ್ದಳು. ಒಳಗೊಳಗೇ ಹಿಗ್ಗುತ್ತಿದ್ದಳು.

ಹಿಗ್ಗದೆ ಏನು? ಅವಳಿಗೆ ಮನೆ ಅಂತ ಇದ್ದದ್ದೇ ಅಕ್ಕ-ಭಾವನ ಮನೆ. ಅಪ್ಪ ಬೇಗ ಹೋದರು, ಅಮ್ಮ ಅವರ ಹಿಂದೆಯೇ ಹೋದಳು. ಮದುವೆಯ ಮಾತು ಎರಡು ಮೂರು ಸಲ ಬಂದು, ಬಂದ ದಾರಿಯಲ್ಲೇ ಹೋಯಿತು. ಡಿಪೊದಲ್ಲಿ ಟೈಪಿಸ್ಟ್ ಬೇಕಂತೆ ಎಂದು ಅರ್ಜಿ ತಂದುಕೊಟ್ಟವರು ಭಾವ. ಇಪ್ಪತ್ತೆರಡರ ಹುಡುಗಿಯನ್ನು ತಮ್ಮ ಬಸ್ಸಿನಲ್ಲೇ ಕೂರಿಸಿಕೊಂಡು ಬಂದು, ಮೆಟ್ಟಿಲ ಹತ್ತಿರ ಬಿಟ್ಟು, "ಹೆದರ್ಕೋಬೇಡ. ಮೇಲಿರೋರೂ ಮನುಷ್ಯರೇ" ಎಂದು ಹೇಳಿ ಹೋದವರೂ ಅವರೇ. ಆಗ ಅವರ ಕೆಲಸಕ್ಕೆ ಇನ್ನೂ ಎರಡೇ ವರ್ಷ.

ಮೇಲೆ ಇದ್ದ ಮನುಷ್ಯರಲ್ಲಿ ಮೊದಲು ಸಿಕ್ಕವರು ಹೆಡ್ ಕ್ಲರ್ಕ್. ನಿವೃತ್ತಿಗೆ ಹತ್ತಿರವಾಗಿದ್ದ, ಕನ್ನಡಕ ಹಣೆಯ ಮೇಲಿಟ್ಟುಕೊಂಡು ಕನ್ನಡಕ ಹುಡುಕುವ ಅಜ್ಜ. ಮೊದಲ ದಿನವೇ ಒಂದು ಕಾಗದ ಬರೆಯಲು ಹೇಳಿದರು. ಟೈರು ಕಳಿಸುವ ಕಂಪನಿಗೆ, ಟೈರು ಬಂದಿಲ್ಲ ಅಂತ. ಅವಳು ಉಸಿರು ಬಿಗಿಹಿಡಿದು ಒಂದು ಪುಟ ಬರೆದಳು. ತಮ್ಮ ಘನ ಸಂಸ್ಥೆ, ನಮ್ಮ ನಡುವಿನ ಬಹುಕಾಲದ ಬಾಂಧವ್ಯ, ಈ ಮೂಲಕ ಸವಿನಯವಾಗಿ, ಎಲ್ಲವೂ ಇತ್ತು. ಅಜ್ಜ ಎದ್ದು ನಿಂತು ಓದಿದರು.

"ಮಗಳೇ, ಟೈರು ಎಲ್ಲಿ?"

"ಕೊನೇ ಸಾಲಲ್ಲಿ ಇದೆ ಸಾರ್."

"ಅಲ್ಲೀವರೆಗೆ ಅವನು ಬರ್ತಾನೆ ಅಂತ ಯಾರು ಹೇಳಿದ್ರು ನಿಂಗೆ? ಕಾಗದ ಓದೋನಿಗೆ ಹತ್ತು ಕೆಲಸ ಇರತ್ತೆ. ನಿಂತ್ಕೊಂಡೇ ಓದ್ತಾನೆ, ನನ್ನ ಹಾಗೆ. ಟೈರನ್ನ ಮೇಲಕ್ಕೆ ತಗೊಂಡು ಬಾ."

ಅವಳು ತಂದಳು. "ಮೂರನೇ ತಾರೀಕು ಬರಬೇಕಿದ್ದ ಎಂಟು ಟೈರು ಇನ್ನೂ ಬಂದಿಲ್ಲ. ಅದರಿಂದ ಎರಡು ಬಸ್ಸು ನಿಂತಿವೆ. ಯಾವತ್ತು ಕಳಿಸುತ್ತೀರಿ, ತಿಳಿಸಿ." ಅಷ್ಟೇ. ನಾಲ್ಕನೇ ದಿನ ಲಾರಿ ಬಂತು. ಅಂಗಳದಲ್ಲಿ ಟೈರು ಇಳಿಸುವುದನ್ನು ಅವಳು ಕಿಟಕಿಯಿಂದ ನೋಡಿದಳು. ತಾನು ಬರೆದ ಮೂರು ಸಾಲು ಎಂಟು ಟೈರಾಗಿ ಉರುಳಿಕೊಂಡು ಬಂದದ್ದು ಅವಳಿಗೆ ಇವತ್ತಿಗೂ ಆಶ್ಚರ್ಯವೇ.

ಆ ಕೋಣೆ ಅವಳಿಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಮೂರು ಮೇಜು, ಮೊಣಕಾಲಿನಿಂದ ಒತ್ತಿದರೆ ಮಾತ್ರ ಮುಚ್ಚುವ ಕಬ್ಬಿಣದ ಬೀರು, ಅಂಗಳದ ಕಡೆಗೆ ಒಂದೇ ಕಿಟಕಿ. ಕೆಳಗೆ ಬಸ್ಸು ಸ್ಟಾರ್ಟ್ ಆದರೆ ಕಿಟಕಿಯ ಗಾಜು ಗಡಗಡ ಅನ್ನುತ್ತಿತ್ತು. ಅದು ನಿಲ್ಲುವವರೆಗೆ ಅವಳು ಟೈಪ್‌ರೈಟರ್ ಮೇಲೆ ಕೈಯಿಟ್ಟು ಕಾಯುತ್ತಿದ್ದಳು. ಕಾರ್ಬನ್ ಹಾಳೆ ಹಿಡಿದು ಹಿಡಿದು ಬೆರಳ ತುದಿ ಸದಾ ನೀಲಿ. ಅನ್ನ ಕಲಸುವಾಗಲೂ ನೀಲಿ. ಈಗ ಸೋಪು ಹಾಕದೆಯೇ ಬೆರಳು ಬೆಳ್ಳಗಿವೆ, ಅದೇನು ಭಾಗ್ಯವೋ!

ಮ್ಯಾನೇಜರುಗಳು ಬಂದರು, ಹೋದರು. ಮೆಮೊ ಹೇಳುವಾಗ ಮಾತ್ರ ಎಲ್ಲರೂ ಒಂದೇ. ತಡವಾಗಿ ಬಂದ ಡ್ರೈವರಿಗೆ "ನಿಮ್ಮ ಬೇಜವಾಬ್ದಾರಿಯ ಹಾಗೂ ಉದ್ಧಟತನದ ವರ್ತನೆಯನ್ನು ಅತ್ಯಂತ ಗಂಭೀರವಾಗಿ" ಎಂದು ಶುರು ಮಾಡುತ್ತಿದ್ದರು. ಟೈಪಕ್ಕ ತಲೆಯಾಡಿಸಿಕೊಂಡು ಹೋಗಿ, "ಹದಿನಾಲ್ಕನೇ ತಾರೀಕು ನೀವು ಇಪ್ಪತ್ತು ನಿಮಿಷ ತಡವಾಗಿ ಬಂದಿದ್ದೀರಿ. ಕಾರಣ ಬರೆದು ತಿಳಿಸಿ" ಎಂದು ಟೈಪ್ ಮಾಡಿಕೊಂಡು ಬರುತ್ತಿದ್ದಳು. ಒಬ್ಬ ಮ್ಯಾನೇಜರ್ ಹಾಳೆ ತಿರುಗಿಸಿ ಮುರುಗಿಸಿ ನೋಡಿ, "ಅಲ್ಲಮ್ಮಾ, ನನ್ನ ಉದ್ಧಟತನ ಎಲ್ಲಿ ಹೋಯ್ತು?" ಎಂದು ಕೇಳಿದರು. "ರಿಬ್ಬನ್ ಮಾಸಿದೆ ಸಾರ್. ಅಷ್ಟು ದಪ್ಪ ಪದ ಮೂಡೋದಿಲ್ಲ" ಅಂದಳು. ಅವರು ಅನುಮಾನದಿಂದಲೇ ಸಹಿ ಹಾಕಿದರು.

ಇನ್ನು ಕ್ಯಾಂಟೀನಿನ ಮೇಜು. ಡ್ರೈವರುಗಳಿಗೆ ಮೆಮೊ ಬಂತೆಂದರೆ ಕೈಕಾಲು ಆಡುತ್ತಿರಲಿಲ್ಲ. ಸೇತುವೆ ಮೇಲೆ ಹಿಮ್ಮುಖವಾಗಿ ಬಸ್ಸು ಬಿಡು ಎಂದರೆ ಬಿಟ್ಟಾರು, ನಾಲ್ಕು ಸಾಲು ಬರಿ ಎಂದರೆ ಬೆವರು ಕಿತ್ತು ಬರುತ್ತಿತ್ತು. ಅವಳ ಪದ್ಧತಿ ಏನೆಂದರೆ, ಮೊದಲು ಒಂದು ಹಾಳೆಯಲ್ಲಿ ನಡೆದದ್ದನ್ನು ನಡೆದ ಹಾಗೆ ಬರೆದುಕೊಳ್ಳುವುದು. ಅದಕ್ಕೆ ಒಳಹಾಳೆ ಎಂದು ಹೆಸರು. ಅದರಲ್ಲಿ ಮುಚ್ಚುಮರೆ ಇಲ್ಲ, ನಾಚಿಕೆ ಇಲ್ಲ. ಆಮೇಲೆ ಅದರಿಂದ ಎಷ್ಟು ಬೇಕೋ ಅಷ್ಟನ್ನು ಆರಿಸಿ ಉತ್ತರ ಮಾಡುವುದು. ಉತ್ತರವನ್ನು ಡ್ರೈವರ್ ತನ್ನ ಕೈಯಾರೆ ನಕಲು ಮಾಡಬೇಕು. ಒಳಹಾಳೆ ಕ್ಯಾಂಟೀನಿನವನ ಟೀ ಒಲೆಗೆ.

"ಸುಳ್ಳು ಬರೆಯೋಕೆ ನನ್ನ ಹತ್ರ ಬರಬೇಡಿ" ಎಂದು ಅವಳು ಮೊದಲೇ ಗದರುತ್ತಿದ್ದಳು. "ನಿಜ ಎಷ್ಟು ಬೇಕೋ ಅಷ್ಟು ಬರೀತೀನಿ. ಆದ್ರೆ ಬರೆದಷ್ಟೂ ನಿಜ ಇರಬೇಕು."

ಒಮ್ಮೆ ಒಬ್ಬ ಡ್ರೈವರ್ ಬಂದ. ಹೆಂಡತಿಯ ಜೊತೆ ಜಗಳವಾಗಿ, ಅವಳು ಅವನ ಒಂದು ಬೂಟು ಬಚ್ಚಿಟ್ಟು, ಅದನ್ನು ಹುಡುಕುವಷ್ಟರಲ್ಲಿ ಮೊದಲ ಟ್ರಿಪ್ಪು ತಪ್ಪಿತ್ತು. "ಅನಿವಾರ್ಯ ಕಾರಣ ಅಂತ ಹಾಕಿಬಿಡಿ ಟೈಪಕ್ಕ" ಎಂದು ಗೋಗರೆದ.

"ಅದನ್ನೇ ಹಾಕಿ ಹಾಕಿ ಆ ಪದಕ್ಕೆ ಹುಳ ಹಿಡಿದಿದೆ. ಅನಿವಾರ್ಯ ಅಂದ್ರೆ ಯಾರೂ ನಂಬಲ್ಲ. ಬರ್ಕೋ: ನನ್ನ ಒಂದು ಬೂಟು ಸಿಗದೆ ಮೊದಲ ಟ್ರಿಪ್ ತಪ್ಪಿತು. ತಪ್ಪು ನನ್ನದು. ಇನ್ನು ಮುಂದೆ ಎರಡು ಜೊತೆ ಇಟ್ಟುಕೊಳ್ಳುತ್ತೇನೆ."

"ಇಷ್ಟೇನಾ? ಕ್ಷಮೆ ಕೇಳೋದು ಬೇಡ್ವಾ?"

"ತಪ್ಪು ನನ್ನದು ಅಂತ ಬರೆದಿಲ್ವೇನೋ? ಒಂದೇ ಸಲ ಕೇಳು. ಪದೇ ಪದೇ ಕೇಳಿದ್ರೆ ನಾಟಕ ಅನ್ಸತ್ತೆ. ಎರಡನೇ ಜೊತೆ ಮಾತ್ರ ಇವತ್ತೇ ತಗೋ, ನಾಳೆ ಕೇಳ್ತೀನಿ."

ಮ್ಯಾನೇಜರ್ ಓದಿ, ನಕ್ಕು, ಫೈಲಿಗೆ ಸೇರಿಸಿದರು. ಹೆಂಡತಿಯ ವಿಷಯ ಅದರಲ್ಲಿ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ.

ಹೀಗೆ ಡಿಪೊದಲ್ಲಿ ಅವಳ ಮೇಜಿಗೆ ಬಾರದ ಡ್ರೈವರ್ ಇರಲಿಲ್ಲ, ಭಾವ ಒಬ್ಬರನ್ನು ಬಿಟ್ಟು. ಅವರಿಗೆ ಒಂದೇ ಒಂದು ಮೆಮೊ ಬಂದಿರಲಿಲ್ಲ. ಅದೇ ಅವರ ಕಿರೀಟ. ಮೂವತ್ತೆರಡು ವರ್ಷ, ಒಂದು ಟ್ರಿಪ್ ತಪ್ಪಿಲ್ಲ, ಒಂದು ಕನ್ನಡಿ ಒಡೆದಿಲ್ಲ. "ಪುಟ್ಟೀ, ಊರಿಗೆಲ್ಲ ಬರೀತೀಯ. ನನಗೆ ಬರೆಯೋ ಭಾಗ್ಯ ನಿನಗಿಲ್ಲ ಬಿಡು" ಎಂದು ರೇಗಿಸುತ್ತಿದ್ದರು. "ನಿವೃತ್ತಿ ದಿನದವರೆಗೂ ಸ್ಟೀರಿಂಗ್ ಹಿಡಿದೇ ಇರ್ತೀನಿ. ಬಸ್ಸು ನಿಲ್ಲಿಸಿ, ಕೀ ಕೊಟ್ಟು, ನೆಟ್ಟಗೆ ಮನೆಗೆ ಹೋಗ್ತೀನಿ." ಅದಕ್ಕೆ ಇನ್ನು ಒಂದೂವರೆ ವರ್ಷ ಬಾಕಿಯಿತ್ತು.

ಅಷ್ಟರಲ್ಲಿ ಕಂಪ್ಯೂಟರ್ ಬಂದು ಏಳೆಂಟು ವರ್ಷವಾಗಿತ್ತು. ಟೈಪ್‌ರೈಟರನ್ನು ಬೀರುವಿನ ಮೇಲೆ ಹತ್ತಿಸಿ ಬಟ್ಟೆ ಹೊದಿಸಿದ್ದರು. ಕಂಪ್ಯೂಟರಿನ ಜೊತೆ ಅವಳಿಗೇನೂ ಜಗಳವಿರಲಿಲ್ಲ, ಬೇಗ ಕಲಿತಳು. ಜಗಳ ಇದ್ದದ್ದು ಅದರಲ್ಲಿ ಬರುವ ಕಾಗದಗಳ ಜೊತೆ. ಮೇಲಿನ ಆಫೀಸಿನಿಂದ "ನೋಡಿ" ಎಂದು ಒಂದೇ ಪದ ಬರೆದು ಕಳಿಸುತ್ತಿದ್ದರು. ಏನು ನೋಡಬೇಕು? ಯಾಕೆ ನೋಡಬೇಕು? ನೋಡಿ ಏನು ಮಾಡಬೇಕು? ಇನ್ನು ಕೆಲವರಿಗೆ ಕೋಪ ಬಂದರೆ ಇಡೀ ಡಿಪೊಗೇ ನಕಲು ಹೋಗುತ್ತಿತ್ತು. "ಬಾಗಿಲು ಹಾಕಿ ಬೈಯೋದನ್ನ ಬೀದೀಲಿ ನಿಂತು ಬೈತಾರಲ್ಲ, ಮಾನ ಬೇಡ್ವಾ ಇವ್ರಿಗೆ!" ಎಂದು ಸಿಡುಕುತ್ತಿದ್ದಳು.

ಕೊನೆಯದಾಗಿ ಬಂದ ಮ್ಯಾನೇಜರ್ ಚಿಕ್ಕ ವಯಸ್ಸಿನವರು, ಚುರುಕು, ಒಳ್ಳೆಯವರು. ಇನ್ನು ಕಾಗದ ಬೇಡ, ಮೆಮೊ ಮೇಲ್‌ನಲ್ಲೇ ಹೋಗಲಿ, ಉತ್ತರವೂ ಮೇಲ್‌ನಲ್ಲೇ ಬರಲಿ ಎಂದು ನಿಯಮ ಮಾಡಿದರು. ನಲವತ್ತೆರಡು ಡ್ರೈವರುಗಳಿಗೂ ಒಂದೊಂದು ಮೇಲ್ ವಿಳಾಸ ಬಂತು. ಅದನ್ನು ತೆರೆಯಲು ಯಾರಿಗೆ ಗೊತ್ತಿತ್ತು? ಎಲ್ಲರೂ ಸಾಲಾಗಿ ಬಂದು ತಮ್ಮ ಪಾಸ್‌ವರ್ಡನ್ನು ಟೈಪಕ್ಕನಿಗೇ ಒಪ್ಪಿಸಿದರು. ಒಬ್ಬ ಬಸ್ಸಿನ ನಂಬರ್ ಇಟ್ಟ. ಇನ್ನೊಬ್ಬ ಹೆಂಡತಿಯ ಹೆಸರಿಟ್ಟು, ಜಗಳವಾದಾಗಲೆಲ್ಲ "ಇವತ್ತು ಬದಲಾಯಿಸಿಬಿಡಿ" ಎಂದು ಬರುತ್ತಿದ್ದ. ಅವಳ ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ನಲವತ್ತೆರಡು ಸಂಸಾರಗಳ ಗುಟ್ಟು ತುಂಬಿಕೊಂಡಿತು.

ಈಗ ಬೈಗುಳವೂ ಉತ್ತರವೂ ಒಂದೇ ಕುರ್ಚಿಯಿಂದ ಹೊರಡತೊಡಗಿದವು. ಮ್ಯಾನೇಜರ್ ಹೆಸರಿನಲ್ಲಿ ಮೆಮೊ ಕಳಿಸು, ಅಲ್ಲಿಂದ ಹೊರಗೆ ಬಾ, ಡ್ರೈವರ್ ಹೆಸರಿನಲ್ಲಿ ಒಳಗೆ ಹೋಗು, ಉತ್ತರ ಕಳಿಸು. ಮುಂಚೆ ಎರಡರ ನಡುವೆ ಒಂದು ಊಟವಾದರೂ ಇತ್ತು. ಈಗ ಒಂದು ಬಟನ್ನು. ಒಳಹಾಳೆಯ ಅಭ್ಯಾಸವನ್ನು ಮಾತ್ರ ಅವಳು ಬಿಡಲಿಲ್ಲ. ಮೊದಲು ನಡೆದದ್ದನ್ನು ಟೈಪ್ ಮಾಡಿಕೊಳ್ಳುವುದು, ಉತ್ತರ ಹೋದ ಮೇಲೆ ಅಳಿಸುವುದು.

ಆ ಬುಧವಾರ ಪ್ರಯಾಣಿಕರೊಬ್ಬರ ದೂರು ಬಂತು. ಬರೆದವರು ಶಾಲೆಯ ಟೀಚರ್. "ನಿನ್ನೆ ಬೆಳಿಗ್ಗೆ ಒಂಬತ್ತೂಕಾಲಿಗೆ ನಿಮ್ಮ ಬಸ್ಸು ಸೇತುವೆಯ ಇಳಿಜಾರಿನ ಮಧ್ಯದಲ್ಲಿ ಆರು ನಿಮಿಷ ನಿಂತಿತ್ತು. ಡ್ರೈವರ್ ಸ್ಟೀರಿಂಗ್ ಹಿಡಿದು ಸುಮ್ಮನೆ ಕೂತಿದ್ದರು, ಕೇಳಿದರೆ ಮಾತಾಡಲಿಲ್ಲ. ಹಿಂದೆ ಬಂದ ಲಾರಿ ನಮ್ಮಿಂದ ಒಂದು ಮಾರು ದೂರದಲ್ಲಿ ನಿಂತಿತು. ಬಸ್ಸಿನಲ್ಲಿ ಮಕ್ಕಳಿದ್ದರು." ಟೈಪಕ್ಕನಿಗೆ ಮೊದಲು ಬಂದದ್ದು ಮೆಚ್ಚುಗೆ. ಎಂಥ ಕಾಗದ! ಒಂದು ಪದ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಆಮೇಲೆ ಕೆಳಗೆ ಬಸ್ಸಿನ ನಂಬರ್ ನೋಡಿದಳು. ಹನ್ನೊಂದು.

"ಮೇಡಂ, ಒಂದು ಮೆಮೊ ಮಾಡಿಡಿ" ಎಂದರು ಮ್ಯಾನೇಜರ್. "ನಿಮ್ಮ ಭಾವ ಅಂತ ಗೊತ್ತು, ಏನು ಮಾಡೋದು. ನಾನು ಮೀಟಿಂಗ್ ಮುಗಿಸಿ ಬಂದು ನೋಡ್ತೀನಿ, ಆಮೇಲೆ ಕಳಿಸೋಣ."

ಮಧ್ಯಾಹ್ನ ಕ್ಯಾಂಟೀನಿನ ಮೂಲೆ ಮೇಜಿಗೆ ಭಾವನನ್ನು ಕರೆದಳು. ಅವರು ಆ ಕುರ್ಚಿಯಲ್ಲಿ ಕೂತದ್ದು ಅದೇ ಮೊದಲು. ಕೂತವರೇ ನಗಲು ನೋಡಿದರು.

"ಏನಿಲ್ಲ ಕಣೆ. ಮುಂದೆ ಗಾಡಿ ಅಡ್ಡ ಇತ್ತು."

"ಇರಲಿಲ್ಲ ಭಾವ. ಟೀಚರ್ ಬರೆದಿದ್ದಾರೆ. ಸುಳ್ಳು ಬರೆಯೋ ಕಾಗದ ಅಲ್ಲ ಅದು. ಒಳಹಾಳೆಗೆ ಹೇಳಿ."

ಭಾವ ಟೀ ಲೋಟವನ್ನು ಎಡಗೈಯಿಂದ ಬಲಗೈಗೆ, ಬಲಗೈಯಿಂದ ಎಡಗೈಗೆ ಬದಲಾಯಿಸುತ್ತಾ ಕೂತರು. ಆಮೇಲೆ ತಲೆ ತಗ್ಗಿಸಿ ಹೇಳಿದರು. ಎಡಗಣ್ಣಿನ ಮುಂದೆ ಮೇಲಿಂದ ಪರದೆ ಇಳಿದ ಹಾಗೆ ಆಗುತ್ತದೆ. ಬಲಗೈ ಜೋಮು ಹಿಡಿಯುತ್ತದೆ, ಮಾತು ಹೊರಡುವುದಿಲ್ಲ. ಐದು ನಿಮಿಷ, ಆರು ನಿಮಿಷ, ಆಮೇಲೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಸರಿಹೋಗುತ್ತದೆ. ಈ ತಿಂಗಳಲ್ಲಿ ಇದು ಮೂರನೇ ಸಲ.

"ಅಕ್ಕನಿಗೆ ಹೇಳಿದ್ದೀರಾ?"

"ಹೇಳಿದ್ರೆ ನಾಳೆಯಿಂದ ಬಸ್ಸು ಹತ್ತೋಕೆ ಬಿಡ್ತಾಳಾ? ಪುಟ್ಟೀ, ಒಂದೂವರೆ ವರ್ಷ ಕಣೆ, ಅಷ್ಟೇ ಉಳಿದಿರೋದು. ಬ್ರೇಕ್‌ನಿಂದ ಸದ್ದು ಬಂತು, ನಿಲ್ಲಿಸಿ ನೋಡ್ದೆ ಅಂತ ಬರಿ. ಮೆಕ್ಯಾನಿಕ್ ಹತ್ರ ನಾನು ಮಾತಾಡ್ಕೋತೀನಿ. ನಾನು ನಿನ್ನ ಹತ್ರ ಇದುವರೆಗೂ ಏನೂ ಕೇಳಿಲ್ಲ."

ಅದು ನಿಜ. ಕೊಟ್ಟಿದ್ದೇ ಹೊರತು ಆ ಮನುಷ್ಯ ಕೇಳಿದ್ದಿಲ್ಲ. ಅವಳು ಹೂಂ ಅಂದಳು, ಅಂದು ಎದ್ದು ಬಂದಳು.

ಕೂತು ಮೆಮೊ ಟೈಪ್ ಮಾಡಿ ಮ್ಯಾನೇಜರ್ ನೋಡಲಿ ಎಂದು ಇಟ್ಟಳು. ಆಮೇಲೆ ಭಾವನ ಹೆಸರಿನಲ್ಲಿ ಒಳಗೆ ಹೋದಳು. ಮೇಲ್‌ಗೆ ಮ್ಯಾನೇಜರ್ ವಿಳಾಸ ಹಾಕಿ, ಅಭ್ಯಾಸಬಲದಿಂದ ಮೊದಲು ಒಳಹಾಳೆ ಬರೆದಳು. "ಮಂಗಳವಾರ ಬೆಳಿಗ್ಗೆ ಸೇತುವೆ ಇಳಿಜಾರಿನಲ್ಲಿ ನನ್ನ ಎಡಗಣ್ಣಿಗೆ ಪರದೆ ಬಿದ್ದಂತಾಯಿತು. ಬಲಗೈ ಜೋಮು ಹಿಡಿಯಿತು, ಮಾತು ಬರಲಿಲ್ಲ. ಬಸ್ಸು ನಿಲ್ಲಿಸಿ ಕೂತೆ. ಈ ತಿಂಗಳಲ್ಲಿ ಮೂರನೇ ಸಲ. ಮನೆಯಲ್ಲಿ ಹೇಳಿಲ್ಲ. ಹೇಳಿದರೆ ಬಸ್ಸು ಬಿಡಿಸುತ್ತಾರೆ ಎಂಬ ಭಯ." ಅದರ ಪಕ್ಕದಲ್ಲೇ ಇನ್ನೊಂದು ಮೇಲ್ ತೆರೆದು ಉತ್ತರ ಶುರು ಮಾಡಿದಳು. "ಬ್ರೇಕಿನಿಂದ ಸದ್ದು ಬಂದ ಕಾರಣ ಬಸ್ಸು ನಿಲ್ಲಿಸಿ". ಮುಂದಕ್ಕೆ ಬೆರಳು ಓಡಲಿಲ್ಲ. ಅಳಿಸಿದಳು, ಬರೆದಳು, ಮತ್ತೆ ಅಳಿಸಿದಳು. ಯಾರೋ ಬಂದು ರಜೆಯ ಫಾರಂ ಕೇಳಿದರು. ಎದ್ದು ಕೊಟ್ಟಳು. ಫೋನು ಹೊಡೆದುಕೊಂಡಿತು. ಕೆಳಗೆ ಬಸ್ಸು ಸ್ಟಾರ್ಟ್ ಆಗಿ ಗಾಜು ಗಡಗಡ ಅಂದಿತು. ಈ ಗಲಾಟೆಯಲ್ಲಿ ಕೂತು ಹೇಗೋ ಬ್ರೇಕಿನ ಉತ್ತರ ಮುಗಿಸಿ, ಮೆಮೊ ಹೋದ ಮೇಲೆ ಕಳಿಸಿದರಾಯಿತು ಎಂದುಕೊಂಡು ಎಲ್ಲವನ್ನೂ ಮುಚ್ಚಿದಳು. ಮುಚ್ಚಿದೆ ಎಂದುಕೊಂಡಳು.

ಮೂರೂಕಾಲಿಗೆ ಮ್ಯಾನೇಜರ್ ಒಳಗಿನಿಂದ ಕರೆದರು. ದನಿ ವಿಚಿತ್ರವಾಗಿತ್ತು.

"ಮೇಡಂ, ನಾನು ಮೆಮೊ ಇನ್ನೂ ನೋಡೇ ಇಲ್ಲ. ಉತ್ತರ ಬಂದು ಕೂತಿದೆಯಲ್ಲ?"

ಅವರು ಕಂಪ್ಯೂಟರನ್ನು ಅವಳ ಕಡೆಗೆ ತಿರುಗಿಸಿದರು. ಭಾವನ ಹೆಸರಿನಿಂದ ಹೋಗಿತ್ತು, ಎರಡು ಗಂಟೆ ನಲವತ್ತು ನಿಮಿಷಕ್ಕೆ. ಹೋಗಿದ್ದುದು ಒಳಹಾಳೆ. ಗಲಾಟೆಯಲ್ಲಿ ಮುಚ್ಚುವ ಬದಲು ಕಳಿಸುವ ಬಟನ್ನು ಒತ್ತಿಬಿಟ್ಟಿದ್ದಳು.

ಡ್ರೈವರುಗಳ ಉತ್ತರ ಬರೆಯುವವಳು ತಾನೇ ಎಂಬ ಮೂವತ್ತು ವರ್ಷದ ಗುಟ್ಟು ಹೀಗೆ ಮ್ಯಾನೇಜರ್ ಮೇಜಿನ ಮೇಲೆ ಬಿದ್ದಿತ್ತು. ಆದರೆ ಆ ಮ್ಯಾನೇಜರ್ ಅದರ ಬಗ್ಗೆ ಒಂದು ಮಾತೂ ಎತ್ತಲಿಲ್ಲ. ಮೊದಲೇ ಗೊತ್ತಿತ್ತೋ ಏನೋ, ಪುಣ್ಯಾತ್ಮ. ಮೇಜಿನ ಅಂಚನ್ನು ಉಜ್ಜುತ್ತಾ ಮೆಲ್ಲಗೆ ಅಂದರು:

"ಇದು ಕೈತಪ್ಪಿ ಬಂದಿದ್ರೆ ಹೇಳಿಬಿಡಿ. ಅಳಿಸ್ತೀನಿ. ನಾನು ಓದಿಲ್ಲ, ನೀವು ಕಳಿಸಿಲ್ಲ. ಬೇರೆ ಉತ್ತರ ಬರಲಿ, ಅದನ್ನೇ ಇಟ್ಕೊಳ್ಳೋಣ. ಅಲ್ಲ, ಇದೇ ಅವರ ಉತ್ತರ ಅಂದ್ರೆ, ಈಗಲೇ ಅವರನ್ನ ಬಸ್ಸಿಂದ ಇಳಿಸಬೇಕಾಗತ್ತೆ. ನೀವೇ ಹೇಳಿ."

ಕಿಟಕಿಯಾಚೆ ಹನ್ನೊಂದನೇ ನಂಬರ್ ಮೂರೂವರೆಯ ಟ್ರಿಪ್ಪಿಗೆ ತಯಾರಾಗಿತ್ತು. ಭಾವ ಪಕ್ಕದ ಕನ್ನಡಿಯನ್ನು ಬಟ್ಟೆಯಿಂದ ಒರೆಸುತ್ತಿದ್ದರು. ಎಡಗೈಯಿಂದ. ಜನ ಹತ್ತುತ್ತಿದ್ದರು, ಒಬ್ಬಳು ತಾಯಿ ಮಗುವನ್ನು ಮೊದಲು ಮೇಲೆ ಕಳಿಸಿ ಆಮೇಲೆ ಚೀಲ ಎತ್ತಿಕೊಂಡಳು. ಒಂದು ಮಾತು ಸಾಕಾಗಿತ್ತು. ಕೈತಪ್ಪಿ ಹೋಯ್ತು ಸಾರ್. ಅದು ಸುಳ್ಳೂ ಅಲ್ಲ. ಆ ಕ್ಷಣದಲ್ಲಿ ಅವಳಿಗೆ ಭಾವ ಸತ್ತುಹೋಗುವ ಭಯ ಒಂದು ಕಡೆ, ಭಾವ ತನ್ನನ್ನು ಬಿಟ್ಟೇಬಿಡುವ ಭಯ ಇನ್ನೊಂದು ಕಡೆ.

"ಇದೇ ಉತ್ತರ ಸಾರ್" ಎಂದಳು. "ಬೇರೆ ಇಲ್ಲ."

ಬಸ್ಸಿನಿಂದ ಇಳಿಸಿದಾಗ ಭಾವ ಜಗಳ ಮಾಡಲಿಲ್ಲ. ಕೀಯನ್ನು ಇನ್ನೊಬ್ಬ ಡ್ರೈವರಿನ ಕೈಗೆ ಕೊಟ್ಟು, ಒಂದು ಸಲ ತಲೆಯೆತ್ತಿ ಮಹಡಿಯ ಕಿಟಕಿ ನೋಡಿದರು. ಅವಳು ಹಿಂದೆ ಸರಿದಳು. ಅದೇ ಸಂಜೆ ಆಸ್ಪತ್ರೆ. ಕುತ್ತಿಗೆಯ ರಕ್ತನಾಳ ಕಟ್ಟಿಕೊಂಡಿತ್ತು. "ಇನ್ನೊಂದು ವಾರ ಬಿಟ್ಟಿದ್ರೆ ನಾನೇನೂ ಹೇಳೋಕಾಗ್ತಿರಲಿಲ್ಲ" ಎಂದರು ಡಾಕ್ಟರು. ಆಪರೇಷನ್ ಆಯಿತು, ಮನುಷ್ಯ ಉಳಿದರು. ಸ್ಟೀರಿಂಗ್ ಹೋಯಿತು. ಮೆಮೊ ಕೊನೆಗೂ ಹೊರಡಲಿಲ್ಲ. ಉತ್ತರವೇ ಬಂದ ಮೇಲೆ ಕೇಳುವುದೇನು ಎಂದು ಮ್ಯಾನೇಜರ್ ಅದನ್ನು ಅಳಿಸಿದರು.

ಅಕ್ಕ ಆಸ್ಪತ್ರೆಯ ಜಗಲಿಯಲ್ಲಿ ಅವಳ ಕೈ ಹಿಡಿದು ಕೇಳಿದಳು. "ಅವ್ರು ಬೇಡ ಅಂದ್ರಂತೆ, ನೀನು ಕಳಿಸಿದ್ಯಂತೆ?"

"ಕೈತಪ್ಪಿ ಹೋಯ್ತು ಅಕ್ಕಾ" ಎಂದುಬಿಟ್ಟಳು ಟೈಪಕ್ಕ. ಹೆದರಿಕೆ. ಅಕ್ಕ ಅದನ್ನು ಒಳಗೆ ಹೋಗಿ ಭಾವನಿಗೆ ಹೇಳಿದಳು. ಅವತ್ತಿನಿಂದ ಭಾವ ಅವಳ ಜೊತೆ ಮಾತು ಬಿಟ್ಟರು.

ಬಿಟ್ಟರು ಅಂದರೆ ಪೂರ್ತಿ ಬಿಟ್ಟರು. ಎರಡು ತಿಂಗಳಾದ ಮೇಲೆ ಅವರನ್ನು ಡಿಪೊ ಗೇಟಿನಲ್ಲಿ ಟೈಮ್ ಕೀಪರ್ ಮಾಡಿದರು. ಗಾಜಿನ ಗೂಡಿನೊಳಗೆ ಕೂತು, ಬಂದ ಹೋದ ಬಸ್ಸಿನ ಹೊತ್ತು, ಬಂದ ಹೋದ ಜನರ ಹೊತ್ತು ಬರೆಯುವ ಕೆಲಸ. ದಿನಕ್ಕೆರಡು ಸಲ ಟೈಪಕ್ಕ ಆ ಗೂಡಿನ ಮುಂದೆ ನಿಂತು ಸಹಿ ಹಾಕಬೇಕು. ಭಾವ ಪುಸ್ತಕ ತಿರುಗಿಸಿ ಮುಂದಕ್ಕೆ ತಳ್ಳುತ್ತಿದ್ದರು, ತಲೆ ಎತ್ತುತ್ತಿರಲಿಲ್ಲ. "ಹೇಗಿದ್ದೀರಿ ಭಾವ?" ಎಂದರೆ ಪೆನ್ನಿನ ಮುಚ್ಚಳ ಹುಡುಕುತ್ತಿದ್ದರು. ಅವಳು ಅಕ್ಕನ ಮನೆಗೆ ಹೋದರೆ ಅವರು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗುತ್ತಿದ್ದರು. ಮೂರು ನಾಲ್ಕು ಸಲ ಹೀಗಾದ ಮೇಲೆ ಅವಳೇ ಹೋಗುವುದನ್ನು ಬಿಟ್ಟಳು. ಪುಟ್ಟೀ ಎಂದು ಅಂಗಳದಿಂದ ಕೂಗುವವರಿಲ್ಲದೆ ಆ ಡಿಪೊ ಎಷ್ಟು ದೊಡ್ಡದು ಅಂತ ಅವಳಿಗೆ ಆಗಲೇ ಗೊತ್ತಾದದ್ದು.

ಅವಳು ಕಾಗದ ಬರೆಯಲು ಕೂತಳು. ಊರಿಗೆಲ್ಲ ಬರೆದವಳಿಗೆ ಇದೇನು ಮಹಾ? ಭಾವನವರಿಗೆ ನಮಸ್ಕಾರಗಳು ಎಂದು ಬರೆದು, ಕೆಳಗೆ ಕೈತಪ್ಪಿ ಎಂದು ಬರೆಯುವಳು, ಅಲ್ಲಿಗೇ ನಿಲ್ಲುವಳು. ಒಂದೂವರೆ ವರ್ಷದಲ್ಲಿ ಅಂಥ ಎಷ್ಟು ಹಾಳೆ ಹರಿದಳೋ ಲೆಕ್ಕವಿಲ್ಲ. ಒಂದೂ ಆ ಗಾಜಿನ ಗೂಡು ಮುಟ್ಟಲಿಲ್ಲ.

ಭಾವನ ನಿವೃತ್ತಿಯ ದಿನ ಬಂತು. ಕ್ಯಾಂಟೀನಿನಲ್ಲಿ ಟೀ, ಬಿಸ್ಕತ್ತು. ಮ್ಯಾನೇಜರ್ ಎರಡು ಮಾತಾಡಿದರು. ಮೂವತ್ಮೂರು ವರ್ಷ, ಒಂದೇ ಒಂದು ಮೆಮೊ ಇಲ್ಲ ಎಂದಾಗ ಎಲ್ಲರೂ ಚಪ್ಪಾಳೆ ಹೊಡೆದರು. ಬೂಟಿನ ಡ್ರೈವರ್ ಎಲ್ಲರಿಗಿಂತ ಜೋರಾಗಿ ಹೊಡೆದ. ಟೈಪಕ್ಕ ಹಿಂದೆ ಬಾಗಿಲ ಬಳಿ ನಿಂತಿದ್ದಳು. ಚಪ್ಪಾಳೆ ಹೊಡೆಯಲು ಕೈ ಎತ್ತಿದಳು, ಆಗಲಿಲ್ಲ. ಯಾರೂ ನೋಡುವ ಮುಂಚೆ ಮೇಲೆ ಹೋಗಿ ತನ್ನ ಕುರ್ಚಿಯಲ್ಲಿ ಕೂತಳು.

ಸಂಜೆ ಐದಾದ ಮೇಲೆ ಚೀಲ ತಗಲಿಸಿಕೊಂಡು ಗೇಟಿಗೆ ಬಂದಳು. ಭಾವ ಗೂಡಿನಲ್ಲೇ ಇದ್ದರು, ಹೊತ್ತು ಮುಗಿಯುವವರೆಗೆ ಏಳುವ ಜಾತಿಯಲ್ಲ. ಪುಸ್ತಕ ಮುಂದಕ್ಕೆ ಬಂತು. ಸಹಿ ಹಾಕಲು ಬಗ್ಗಿದಳು. ಪುಸ್ತಕದ ಮೇಲೆ ಭಾವನ ಕೈ ಇತ್ತು, ತೆಗೆಯಲಿಲ್ಲ.

"ಪುಟ್ಟೀ."

ಅವಳು ಪೆನ್ನು ಕೆಳಗಿಟ್ಟಳು.

"ಅವತ್ತು ಅದು ಕೈತಪ್ಪಿ ಹೋಯ್ತಾ? ನಿಮ್ಮಕ್ಕನಿಗೆ ಹೇಳಿದ್ದು ಬೇಡ. ನನಗೆ ಹೇಳು."

ಅವಳು ಮುಖ ಎತ್ತಿದಳು. ಎದುರಿಗೆ ಅದೇ ಮುಖ, ಸ್ವಲ್ಪ ಇಳಿದಿತ್ತು, ಹುಬ್ಬು ಬೆಳ್ಳಗಾಗಿತ್ತು. ಇಷ್ಟು ದಿನ ಕಾಗದದಲ್ಲಿ ಬಾರದ ಸಾಲು ಬಾಯಿಂದ ತಾನಾಗಿ ಬಂತು.

"ಹೋಗಿದ್ದು ಕೈತಪ್ಪಿ ಭಾವ. ಅಳಿಸ್ಲಾ ಅಂತ ಮ್ಯಾನೇಜರ್ ಕೇಳಿದ್ರು. ಬೇಡ ಅಂದಿದ್ದು ನಾನೇ. ಗೊತ್ತಿದ್ದೂ ಗೊತ್ತಿದ್ದೂ ಅಂದೆ."

ಭಾವ ತಲೆಯಾಡಿಸಿದರು. "ಗೊತ್ತು. ಆಸ್ಪತ್ರೆಗೆ ನೋಡೋಕೆ ಬಂದಾಗ ಅವರೇ ಹೇಳಿದ್ರು, ನಿಮ್ಮ ಜೀವ ಉಳಿಸಿದ್ದು ಆಕೆ ಅಂತ. ಎರಡನೇ ದಿನವೇ ಗೊತ್ತಿತ್ತು ನನಗೆ."

"ಮತ್ತೆ ಒಂದೂವರೆ ವರ್ಷ ಯಾಕೆ... ಯಾಕೆ ಭಾವ ಮಾತಾಡಿಸ್ಲಿಲ್ಲ?"

"ಬಸ್ಸು ಹೋಗಿದ್ದಕ್ಕೆ ನಿನ್ನ ಮೇಲೆ ಕೋಪ ಅಂತ ತಿಳ್ಕೊಂಡ್ಯಾ? ನಾನೇನು ಅಷ್ಟು ದಡ್ಡನಾ? ಹಿಂದೆ ಮಕ್ಕಳನ್ನ ಕೂರಿಸ್ಕೊಂಡು ಹೋಗಿಬಿಡ್ತಿದ್ದೆ ಕಣೆ ನಾನು, ಎಲ್ಲರನ್ನೂ ಕರ್ಕೊಂಡು." ಪುಸ್ತಕವನ್ನು ಪಕ್ಕಕ್ಕೆ ಸರಿಸಿದರು. "ಬೂಟು ಕಳ್ಕೊಂಡೋನ ಕೈಲೂ ನಿಜ ಬರೆಸ್ದೋಳು ನೀನು. ನನ್ನ ಹತ್ರ ಬಂದು, ಹೌದು ಭಾವ, ನಾನೇ ಇಳಿಸಿದ್ದು, ಏನು ಮಾಡ್ತೀರೋ ಮಾಡಿ ಅಂತ ಅನ್ನೋಕಾಗ್ಲಿಲ್ವಾ ನಿನಗೆ? ಬರ್ತೀಯ, ಇವತ್ತು ಹೇಳ್ತೀಯ, ನಾಳೆ ಹೇಳ್ತೀಯ ಅಂತ ದಿನಾ ಕಾದೆ. ಕೈತಪ್ಪಿ ಅಂತೆ, ಅದೂ ಅಕ್ಕನ ಹತ್ರ ಹೇಳಿ ಕಳಿಸ್ದೆ. ಅಷ್ಟು ಹೊರಗಿನೋನಾದ್ನಾ ನಾನು?"

ಟೈಪಕ್ಕನಿಗೆ ತಡೆಯಲಾಗಲಿಲ್ಲ. ಗೂಡಿನ ಹಲಗೆಯ ಮೇಲೆ ತಲೆಯಿಟ್ಟು, ಐವತ್ತು ದಾಟಿದ ಹೆಂಗಸು, ಬಸ್ಸುಗಳು ಹೋಗುತ್ತಾ ಬರುತ್ತಾ ಇರುವ ಗೇಟಿನಲ್ಲಿ ಬಿಕ್ಕಿ ಬಿಕ್ಕಿ ಅತ್ತಳು. ಒಳಗೆ ಬರುತ್ತಿದ್ದ ಬಸ್ಸಿನ ಡ್ರೈವರ್ ವೇಗ ಕಡಿಮೆ ಮಾಡಿ ಬಗ್ಗಿ ನೋಡಿದ. ಭಾವ ಅವನಿಗೆ ಮುಂದೆ ಹೋಗು ಎಂದು ಕೈಬೀಸಿದರು. ಇನ್ನೊಂದು ಕೈಯನ್ನು ಗಾಜಿನ ಕಿಂಡಿಯಿಂದ ಹೊರಗೆ ಚಾಚಿ ಅವಳ ತಲೆಯ ಮೇಲೆ ಇಟ್ಟರು. ಅವಳ ಅಳು ನಿಲ್ಲುವವರೆಗೂ ತೆಗೆಯಲಿಲ್ಲ.